ಮುಖಗವಸು ಮತ್ತು ಮೈಮರೆವು: ಅಪಾಯ ಸರಿದೂಗಿಕೆಯ ವಾದದ ಪರಿಶೀಲನೆ

ಕೋವಿಡ್ ಮಹಾಮಾರಿಯ ಹೊತ್ತಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2020ರ ಏಪ್ರಿಲ್ 6ರಂದು ಹೊರಡಿಸಿದ ಮಾರ್ಗಸೂಚಿಯು, ಆರೋಗ್ಯವಂತರು ಸಾರ್ವಜನಿಕ ಸ್ಥಳಗಳಲ್ಲಿ ಮುಖಗವಸು ಧರಿಸುವುದರಿಂದ ಆಗಬಹುದಾದ ಕೆಡುಕುಗಳ ಸಾಲಿನಲ್ಲಿ 'ಹುಸಿ ಸುರಕ್ಷತಾ ಭಾವ'ವನ್ನೂ ಸೇರಿಸಿತ್ತು. ಮುಖ ಮುಚ್ಚಿಕೊಂಡವರು ತಮಗಿನ್ನು ಭಯವಿಲ್ಲವೆಂದು ಬಗೆದು ಕೈತೊಳೆಯುವುದನ್ನೂ ಅಂತರ ಕಾಯ್ದುಕೊಳ್ಳುವುದನ್ನೂ ಕಡೆಗಣಿಸಬಹುದೆಂಬುದು ಅದರ ತಾತ್ಪರ್ಯ. ಎರಡು ತಿಂಗಳಲ್ಲಿ, ಜೂನ್ 5ರಂದು, ಸಂಸ್ಥೆ ತನ್ನ ನಿಲುವನ್ನು ಬದಲಿಸಿ, ಸೋಂಕು ಸಮುದಾಯದಲ್ಲಿ ಹರಡಿರುವ ಮತ್ತು ಅಂತರ ಕಾಯುವುದು ಕಷ್ಟವಾದ ಕಡೆಗಳಲ್ಲಿ ಜನಸಾಮಾನ್ಯರೂ ಮುಖಗವಸು ಧರಿಸುವಂತೆ ಸರ್ಕಾರಗಳು ಪ್ರೋತ್ಸಾಹಿಸಬೇಕೆಂದು ಹೇಳಿತಾದರೂ, ಹುಸಿ ಸುರಕ್ಷತಾ ಭಾವದ ಎಚ್ಚರಿಕೆಯನ್ನು ಕೈಬಿಡಲಿಲ್ಲ. ಈ ಎಚ್ಚರಿಕೆಗೆ ಆಧಾರವೇನಿತ್ತು, ಅನಂತರದ ಅಧ್ಯಯನಗಳು ಅದನ್ನು ಎಷ್ಟರಮಟ್ಟಿಗೆ ಎತ್ತಿಹಿಡಿದವು ಎಂಬುದೇ ಇಲ್ಲಿಯ ವಿಚಾರ.

ಈ ಎಚ್ಚರಿಕೆಯ ಬೇರು ವೈದ್ಯಶಾಸ್ತ್ರಕ್ಕಿಂತ ಹೆಚ್ಚಾಗಿ ರಸ್ತೆ ಸಂಚಾರದ ಅಧ್ಯಯನದಲ್ಲಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಸ್ಯಾಮ್ ಪೆಲ್ಟ್ಸ್‌ಮನ್ 1975ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ಕಾರುಗಳಿಗೆ ಕಡ್ಡಾಯಗೊಳಿಸಿದ ಸುರಕ್ಷತಾ ಸಾಧನಗಳಿಂದ ಒಳಗೆ ಕುಳಿತವರ ಸಾವು ಕಡಿಮೆಯಾದರೂ, ಧೈರ್ಯಗೊಂಡ ಚಾಲಕರ ಬಿರುಸಿನಿಂದ ಪಾದಚಾರಿಗಳ ಸಾವು ಹೆಚ್ಚಿ, ಬಂದ ಲಾಭ ಕರಗಿಹೋಯಿತೆಂದು ವಾದಿಸಿದರು. ರಕ್ಷಣೆ ಹೆಚ್ಚಿದಷ್ಟೂ ಮನುಷ್ಯ ತನ್ನ ಎಚ್ಚರವನ್ನು ಸಡಿಲಿಸುತ್ತಾನೆಂಬ ಈ ಕಲ್ಪನೆಯನ್ನು 'ಅಪಾಯ ಸರಿದೂಗಿಕೆ' ಎನ್ನಬಹುದು. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಜೆರಾಲ್ಡ್ ವೈಲ್ಡ್ ಇದನ್ನು ಇನ್ನೂ ಮುಂದಕ್ಕೆ ಒಯ್ದು, ಪ್ರತಿಯೊಬ್ಬನೂ ತನಗೆ ಒಪ್ಪುವ ಒಂದು ಮಟ್ಟದ ಅಪಾಯಕ್ಕೆ ಮರಳಿ ಬಂದೇ ಬರುತ್ತಾನೆಂಬ 'ಅಪಾಯ ಸಮಸ್ಥಿತಿ' ಸಿದ್ಧಾಂತವನ್ನು ಮಂಡಿಸಿದರು. ಸಿದ್ಧಾಂತ ಆಕರ್ಷಕವಾಗಿದ್ದರೂ ಅಂಕಿ-ಅಂಶಗಳು ಅದಕ್ಕೆ ಒಲಿದು ಬರಲಿಲ್ಲ: ಅಮೆರಿಕದ ರಾಜ್ಯಗಳ ಸೀಟ್ ಬೆಲ್ಟ್ ಕಾನೂನುಗಳನ್ನು ಪರಿಶೀಲಿಸಿ ಆಲ್ಮಾ ಕೋಹೆನ್ ಮತ್ತು ಲಿರಾನ್ ಐನಾವ್ 2003ರಲ್ಲಿ ಪ್ರಕಟಿಸಿದ ಅಧ್ಯಯನವು, ಬೆಲ್ಟ್ ಬಳಕೆ ಹೆಚ್ಚಿದಾಗ ಸಾವುಗಳು ಇಳಿದವೆಂದೂ ಸರಿದೂಗಿಕೆಯ ಗಣನೀಯ ಕುರುಹು ಕಾಣಲಿಲ್ಲವೆಂದೂ ತೋರಿಸಿತು.

ಸರಿದೂಗಿಕೆ ಎಲ್ಲಿಯೂ ನಡೆಯುವುದೇ ಇಲ್ಲವೆಂದು ಇದರಿಂದ ತೀರ್ಮಾನಿಸುವುದು ಸರಿಯಾಗದು. ಜೇಮ್ಸ್ ಹೆಡ್ಲಂಡ್ 2000ದಲ್ಲಿ ಮಾಡಿದ ವಿಮರ್ಶೆಯ ಪ್ರಕಾರ, ಸಾಧನ ಬಳಸುವವನ ಕಣ್ಣಿಗೆ ಬೀಳುವಂತಿದೆಯೇ, ಅದು ಅವನ ಮೇಲೆ ಪರಿಣಾಮ ಬೀರುತ್ತದೆಯೇ, ನಡವಳಿಕೆ ಬದಲಿಸಲು ಅವನಿಗೆ ಕಾರಣವಿದೆಯೇ, ಬದಲಿಸುವ ಸ್ವಾತಂತ್ರ್ಯವಿದೆಯೇ ಎಂಬ ನಾಲ್ಕು ಅಂಶಗಳ ಮೇಲೆ ಅದು ನಿಂತಿರುತ್ತದೆ. ಮುಖಗವಸು ಮೊದಲೆರಡು ಅಂಶಗಳಿಗೆ ಪೂರ್ತಿ ಒಪ್ಪುತ್ತದೆ, ಏಕೆಂದರೆ ಧರಿಸಿದವನಿಗೆ ಅದು ಉಸಿರುಸಿರಿಗೂ ಅರಿವಿಗೆ ಬರುತ್ತದೆ. ಆದರೆ ಸೀಟ್ ಬೆಲ್ಟಿಗಿಲ್ಲದ ಇನ್ನೊಂದು ಗುಣ ಅದಕ್ಕಿದೆ: ಅದು ಎದುರಿಗಿರುವವನಿಗೂ ಕಾಣುತ್ತದೆ. ಅಂತರವೆಂಬುದು ಇಬ್ಬರ ನಡುವೆ ಏರ್ಪಡುವ ಸಂಗತಿಯಾದ್ದರಿಂದ, ಧರಿಸಿದವನ ಮನಸ್ಸನ್ನಷ್ಟೇ ಲೆಕ್ಕಕ್ಕೆ ಹಿಡಿಯುವ ಸಿದ್ಧಾಂತ ಇಲ್ಲಿ ಅರ್ಧ ಚಿತ್ರವನ್ನು ಮಾತ್ರ ಕೊಡಬಲ್ಲದು.

ಅಧ್ಯಯನಗಳ ಫಲಿತಾಂಶಗಳು ಒಂದಕ್ಕೊಂದು ವಿರುದ್ಧವೆಂಬಂತೆ ಕಾಣುವುದಕ್ಕೂ ಇದು ಒಂದು ಕಾರಣ. ಬ್ರಿಟನ್ನಿನಲ್ಲಿ ಆಶ್ಲಿ ಲಕ್‌ಮನ್ ಮತ್ತು ಸಂಗಡಿಗರು ಆನ್‌ಲೈನಿನಲ್ಲಿ ನಡೆಸಿದ ಪ್ರಯೋಗಗಳಲ್ಲಿ, ಅಪರಿಚಿತನೊಬ್ಬನಿಂದ ಎಷ್ಟು ದೂರ ನಿಲ್ಲುವಿರಿ ಅಥವಾ ಕೂರುವಿರಿ ಎಂದು ಕೇಳಿದಾಗ, ಮುಖಗವಸು ಇದ್ದ ಸನ್ನಿವೇಶದಲ್ಲಿ ಜನ ಕಡಿಮೆ ದೂರವನ್ನು ಸೂಚಿಸಿದರು. ಬರ್ಲಿನ್ ನಗರದ ಸರತಿ ಸಾಲುಗಳಲ್ಲಿ ಗ್ಯುಲಾ ಸೆರೆಶ್ ಮತ್ತು ಸಂಗಡಿಗರು 2020ರಲ್ಲಿ ನಡೆಸಿದ ಪ್ರಯೋಗದಲ್ಲಿಯಾದರೋ, ಮುಖಗವಸು ಧರಿಸಿ ನಿಂತವನ ಹಿಂದೆ ಬಂದವರು, ಧರಿಸದವನ ಹಿಂದೆ ಬಂದವರಿಗಿಂತ ಹೆಚ್ಚು ದೂರ ನಿಂತರು. ಒಂದರಲ್ಲಿ ಜನ ಪರದೆಯ ಮುಂದೆ ಕುಳಿತು ಊಹಿಸಿ ಉತ್ತರಿಸಿದರೆ, ಇನ್ನೊಂದರಲ್ಲಿ ತಮ್ಮನ್ನು ಅಳೆಯಲಾಗುತ್ತಿದೆಯೆಂಬ ಅರಿವಿಲ್ಲದೆ ನಡೆದುಕೊಂಡರು. ಇವೆರಡರಲ್ಲಿ ಎರಡನೆಯದಕ್ಕೇ ಹೆಚ್ಚು ತೂಕ ಸಲ್ಲಬೇಕು.

ಈ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಪುರಾವೆ ಬಾಂಗ್ಲಾದೇಶದ ಹಳ್ಳಿಗಳಿಂದ ಬಂದಿದೆ. ಜೇಸನ್ ಅಬಲಕ್, ಮುಷ್ಫಿಕ್ ಮೊಬಾರಕ್ ಮೊದಲಾದವರು 600 ಹಳ್ಳಿಗಳ 3,42,183 ವಯಸ್ಕರನ್ನು ಒಳಗೊಂಡು ಯಾದೃಚ್ಛಿಕ ಪ್ರಯೋಗವೊಂದನ್ನು, ಅಂದರೆ ಯಾವ ಹಳ್ಳಿಗೆ ಕಾರ್ಯಕ್ರಮ ಸಲ್ಲಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುವ ಪ್ರಯೋಗವನ್ನು, ನಡೆಸಿದರು. ಆಯ್ಕೆಯಾದ ಹಳ್ಳಿಗಳಲ್ಲಿ ಮುಖಗವಸುಗಳನ್ನು ಉಚಿತವಾಗಿ ಹಂಚಲಾಯಿತು, ಊರಿನ ಮುಖಂಡರು ತಾವೇ ಧರಿಸಿ ತೋರಿಸಿದರು, ಧರಿಸದವರಿಗೆ ದಾರಿಯಲ್ಲಿ ನೆನಪಿಸಲಾಯಿತು. ಸಾಮಾನ್ಯ ಉಡುಪಿನಲ್ಲಿದ್ದ ವೀಕ್ಷಕರು ಸಂತೆ, ಚಹಾದಂಗಡಿ, ಮಸೀದಿ ಮುಂತಾದ ಕಡೆ ನಿಂತು, ಯಾರ ಬಾಯಿ-ಮೂಗುಗಳೆರಡೂ ಮುಚ್ಚಿವೆ, ಯಾರು ಪಕ್ಕದವರಿಂದ ಒಂದು ತೋಳಿನಷ್ಟಾದರೂ ದೂರವಿದ್ದಾರೆ ಎಂಬುದನ್ನು ದಾಖಲಿಸಿದರು. ಗಲ್ಲಕ್ಕೆ ಇಳಿಸಿಕೊಂಡ ಮುಖಗವಸು ಸರಿಯಾಗಿ ಧರಿಸಿದ ಲೆಕ್ಕಕ್ಕೆ ಬರಲಿಲ್ಲ. ಸರಿಯಾಗಿ ಧರಿಸಿದವರ ಪ್ರಮಾಣ ಶೇ. 13.3ರಿಂದ ಶೇ. 42.3ಕ್ಕೆ ಏರಿತು. ಸರಿದೂಗಿಕೆಯ ವಾದ ನಿಜವಾಗಿದ್ದರೆ ಅಂತರ ಕಾಯುವವರ ಸಂಖ್ಯೆ ಕುಸಿಯಬೇಕಿತ್ತು, ಅದು ಶೇ. 24.1ರಿಂದ ಶೇ. 29.2ಕ್ಕೆ ಏರಿತು. ಶಸ್ತ್ರಚಿಕಿತ್ಸಾ ಮುಖಗವಸು ಹಂಚಿದ ಹಳ್ಳಿಗಳ 60 ದಾಟಿದವರಲ್ಲಿ, ರೋಗಲಕ್ಷಣವಿದ್ದು ರಕ್ತ ಪರೀಕ್ಷೆಯಲ್ಲಿಯೂ ಸೋಂಕು ಖಚಿತವಾದ ಪ್ರಕರಣಗಳು ಸುಮಾರು ಶೇ. 35ರಷ್ಟು ಇಳಿದವು.

ಇದಕ್ಕೆ ಪ್ರತಿಯಾಗಿ ನಿಲ್ಲುವ ಗಟ್ಟಿ ಪುರಾವೆಯೂ ಇದೆ, ಅದನ್ನು ಮರೆಮಾಚುವುದು ನ್ಯಾಯವಲ್ಲ. ಅಮೆರಿಕದ ಮೊಬೈಲ್ ಸಾಧನಗಳ ಸ್ಥಳಮಾಹಿತಿಯನ್ನು ಆಧರಿಸಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದು, ಮುಖಗವಸು ಕಡ್ಡಾಯದ ಆದೇಶ ಬಂದ ಮೇಲೆ ಜನ ದಿನಕ್ಕೆ ಸರಾಸರಿ 11ರಿಂದ 24 ನಿಮಿಷ ಕಡಿಮೆ ಹೊತ್ತು ಮನೆಯಲ್ಲಿದ್ದರೆಂದೂ, ಕೆಲವು ವಾಣಿಜ್ಯ ಸ್ಥಳಗಳಿಗೆ, ಅದರಲ್ಲಿಯೂ ರೆಸ್ಟೋರೆಂಟುಗಳಿಗೆ, ಹೋಗುವುದು ಹೆಚ್ಚಿತೆಂದೂ ಕಂಡುಕೊಂಡಿತು. ರೆಸ್ಟೋರೆಂಟು ಎಂಬ ಒಂದು ಪದವೇ ಇಲ್ಲಿ ಬಹಳಷ್ಟನ್ನು ಹೇಳುತ್ತದೆ. ಉಣ್ಣಲು ಕುಳಿತವನು ಮುಖಗವಸು ತೆಗೆಯಲೇಬೇಕು; ಆದ್ದರಿಂದ ಅಲ್ಲಿಗೆ ಜನರನ್ನು ಎಳೆದದ್ದು ಮುಖದ ಮೇಲಿನ ಬಟ್ಟೆ ಕೊಟ್ಟ ಧೈರ್ಯವೆನ್ನುವುದಕ್ಕಿಂತ, ಇನ್ನು ಹೊರಗೆ ಓಡಾಡಬಹುದೆಂದು ಆದೇಶದಲ್ಲಿ ಜನ ಓದಿಕೊಂಡ ಅನುಮತಿ ಎನ್ನುವುದು ಹೆಚ್ಚು ಯುಕ್ತ. ಬರ್ಲಿನ್ನಿನಲ್ಲಿಯೂ ಮುಖಗವಸು ಕಡ್ಡಾಯವಾದ ಬಳಿಕ ಅದರ ದೂರವಿರಿಸುವ ಶಕ್ತಿ ತಗ್ಗಲಿಲ್ಲ; ಮುಚ್ಚಿದ್ದ ಅಂಗಡಿಗಳು ಹೆಚ್ಚಾಗಿ ಮತ್ತೆ ತೆರೆದ ಕಡೆಗಳಲ್ಲಿ ಜನ ಕಾಯುವ ಅಂತರ ಕಿರಿದಾದಾಗ, ಸಂಶೋಧಕರು ಅದನ್ನು ಅದೇ ಸಮಯದಲ್ಲಿ ನಿರ್ಬಂಧಗಳು ಸಡಿಲವಾದುದಕ್ಕೆ ಜೋಡಿಸಿದರು. ಸಾಧನ ಮತ್ತು ಸಾಧನದ ಜೊತೆಗೆ ಸರ್ಕಾರ ಹೇಳುವ ಮಾತು ಬೇರೆ ಬೇರೆ. ಎರಡನ್ನೂ ಒಂದೇ ಎಂದು ಎಣಿಸಿದ್ದರಿಂದಲೇ ಈ ಚರ್ಚೆಯ ಬಹುಪಾಲು ಗೊಂದಲ ಹುಟ್ಟಿದೆ.

ಕೈತೊಳೆಯುವುದರ ಬಗೆಗಿನ ಆತಂಕವಂತೂ ಮಹಾಮಾರಿಗೆ ಮೊದಲಿನ ಪ್ರಯೋಗಗಳಲ್ಲೇ ಬಿದ್ದುಹೋಗಿತ್ತು. ಎಲೆನಿ ಮಂಟ್ಸಾರಿ, ಜೇಮ್ಸ್ ರೂಬಿನ್ ಮತ್ತು ಥೆರೇಸಾ ಮಾರ್ಟೊ 2020ರ ಜುಲೈನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದಂತೆ, ಕೈತೊಳೆಯುವುದನ್ನು ಅಳೆದಿದ್ದ ಆರು ಪ್ರಯೋಗಗಳಲ್ಲಿ ಮುಖಗವಸಿನಿಂದ ಅದು ಕಡಿಮೆಯಾದದ್ದು ಕಂಡುಬರಲಿಲ್ಲ, ಎರಡರಲ್ಲಿ ಹೆಚ್ಚಿಯೇ ಇತ್ತು. ಮೊದಲ ತಿಂಗಳುಗಳಲ್ಲಿ ಆಸ್ಪತ್ರೆಯ ಸಿಬ್ಬಂದಿಗೇ ಮುಖಗವಸುಗಳ ಕೊರತೆಯಿತ್ತೆಂಬುದು ನಿಜ, ಮತ್ತು ಜನರಿಂದ ಅವನ್ನು ಉಳಿಸಿಕೊಳ್ಳಲು ಅದು ಒಪ್ಪತಕ್ಕ ಕಾರಣವೂ ಆಗಿತ್ತು. ಅದನ್ನೇ ನೇರವಾಗಿ ಹೇಳಿ ನಿಲ್ಲಿಸಿದ್ದರೆ ಸಾಕಿತ್ತು. ಜನರ ವಿವೇಕವನ್ನು ಸಂದೇಹಿಸಿ ಒಂದು ರಕ್ಷಣಾ ಸಾಧನವನ್ನು ಅವರಿಂದ ದೂರವಿಡಬೇಕಾದರೆ, ಸಡಿಲಗೊಂಡ ಎಚ್ಚರದಿಂದಾಗುವ ನಷ್ಟವು ಸಾಧನದ ಲಾಭವನ್ನು ಮೀರುತ್ತದೆಂದು ಮೊದಲು ಸಾಧಿಸಿ ತೋರಿಸಬೇಕಿತ್ತು. 2020ರ ಏಪ್ರಿಲ್‌ನಲ್ಲಿ ಅಂಥ ಪುರಾವೆ ಇರಲಿಲ್ಲ.