ಪಂಪ್ ಆಕ್ಷನ್ ಬಂದೂಕನ್ನು ಸುರಕ್ಷಿತವಾಗಿ ಬಿಚ್ಚುವ ಹಾಗೂ ಶುಚಿಗೊಳಿಸುವ ಕ್ರಮ: ಪರವಾನಗಿದಾರರಿಗೆ ಮಾಹಿತಿ

ಬೆಳೆ ರಕ್ಷಣೆ ಅಥವಾ ಆತ್ಮರಕ್ಷಣೆಗಾಗಿ ಪರವಾನಗಿ ಪಡೆದು ಬಂದೂಕು ಹೊಂದಿರುವ ತೀರ್ಥಹಳ್ಳಿ, ಹೊಸನಗರ ಹಾಗೂ ಸಾಗರ ತಾಲ್ಲೂಕುಗಳ ಸಾರ್ವಜನಿಕರ ತಿಳುವಳಿಕೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮಲೆನಾಡಿನ ಮನೆಗಳಿಗೆ ಒಂಟಿ ನಳಿಕೆ ಹಾಗೂ ಜೋಡಿ ನಳಿಕೆಯ ತೋಟಾ ಕೋವಿಗಳು ಪರಿಚಿತವಾದವು. ಇವುಗಳನ್ನು ಮಡಿಸಿದ ಕೂಡಲೇ ಒಳಗೆ ತೋಟಾ ಇದೆಯೇ ಇಲ್ಲವೇ ಎಂಬುದು ಕಣ್ಣಿಗೆ ಕಾಣುತ್ತದೆ. ಪಂಪ್ ಆಕ್ಷನ್ ಬಂದೂಕಿನಲ್ಲಿ ಹಾಗಲ್ಲ. ನಳಿಕೆಯ ಕೆಳಗಿರುವ ಮ್ಯಾಗಜೀನ್ ಕೊಳವೆಯಲ್ಲಿ ತೋಟಾಗಳು ಒಂದರ ಹಿಂದೊಂದು ಮರೆಯಾಗಿ ಕುಳಿತಿರುತ್ತವೆ. ಒಂದನ್ನು ಹೊರತೆಗೆದು ಮುಂಹಿಡಿಕೆಯನ್ನು ಮುಂದಕ್ಕೆ ತಳ್ಳಿದರೆ ಇನ್ನೊಂದು ತಾನಾಗಿಯೇ ನಳಿಕೆಗೆ ಸೇರುತ್ತದೆ. ಆದುದರಿಂದ ‘ಒಂದು ತೋಟಾ ತೆಗೆದಿದ್ದೇನೆ, ಬಂದೂಕು ಖಾಲಿಯಾಯಿತು’ ಎಂದು ಭಾವಿಸುವುದು ಪ್ರಾಣಾಪಾಯಕ್ಕೆ ಕಾರಣವಾಗಬಹುದು.

1. ಮೊದಲು ಖಾಲಿ ಮಾಡುವುದು

ಅ) ಮಕ್ಕಳು ಹಾಗೂ ಇತರರು ಇಲ್ಲದ ಸ್ಥಳವನ್ನು ಆರಿಸಿಕೊಳ್ಳತಕ್ಕದ್ದು. ನಳಿಕೆಯ ಬಾಯಿ ಯಾರೂ ಸುಳಿಯದ ದಿಕ್ಕಿಗಿರಲಿ. ಹಲಗೆಯ ಗೋಡೆ ಅಥವಾ ಅಟ್ಟದ ಕಡೆಗೆ ತಿರುಗಿಸುವುದು ಸುರಕ್ಷಿತವಲ್ಲ.

ಆ) ಸೇಫ್ಟಿ ಹಾಕಿ, ಬೆರಳನ್ನು ಟ್ರಿಗರ್‌ನಿಂದ ದೂರವಿರಿಸಿ, ಬಿಡುಗಡೆ ಗುಂಡಿಯನ್ನು ಒತ್ತಿ ಮುಂಹಿಡಿಕೆಯನ್ನು ಪೂರ್ಣವಾಗಿ ಹಿಂದಕ್ಕೆಳೆಯಿರಿ. ನಳಿಕೆಯಲ್ಲಿದ್ದ ತೋಟಾ ಹೊರಬರುತ್ತದೆ. ಇದೇ ವೇಳೆ ಕೊಳವೆಯಿಂದ ಮತ್ತೊಂದು ತೋಟಾ ಒಳಗಿನ ಎತ್ತುಗಕ್ಕೆ ಬಂದಿರಬಹುದು. ಅದನ್ನೂ ತೆಗೆಯಿರಿ.

ಇ) ಮುಂಹಿಡಿಕೆಯನ್ನು ಮುಂದಕ್ಕೆ ತಳ್ಳದೆ, ಕೆಳಬದಿಯ ತೆರಪಿನಲ್ಲಿ ತೋಟಾ ತಡೆಯುವ ಕೊಂಡಿಯನ್ನು ಒತ್ತಿ ಕೊಳವೆಯಲ್ಲಿರುವ ಉಳಿದ ತೋಟಾಗಳನ್ನು ಒಂದೊಂದಾಗಿ ಹೊರತೆಗೆಯಿರಿ.

ಈ) ಕಣ್ಣಿನಿಂದ ನೋಡುವುದಷ್ಟೇ ಸಾಲದು; ಕಿರುಬೆರಳನ್ನು ಹಾಕಿ ನಳಿಕೆಯ ಹಿಂಭಾಗವನ್ನು ಮುಟ್ಟಿ ನೋಡತಕ್ಕದ್ದು. ಕೊಳವೆಯ ಬಾಯಲ್ಲಿ ತೋಟಾ ತಳ್ಳುವ ಬಿಲ್ಲೆ ಕಾಣಬೇಕು.

ಉ) ಎಲ್ಲಾ ತೋಟಾಗಳನ್ನು ಎಣಿಸಿ ಬೇರೆ ಕೋಣೆಯಲ್ಲಿಟ್ಟು ಬಂದ ನಂತರವೇ ಮುಂದಿನ ಕೆಲಸಕ್ಕೆ ತೊಡಗುವುದು. ನಡುವೆ ಎದ್ದು ಹೋಗಿ ಬಂದಲ್ಲಿ ಮತ್ತೊಮ್ಮೆ ಪರೀಕ್ಷಿಸುವುದು.

2. ಬಿಚ್ಚುವುದು

ಮ್ಯಾಗಜೀನ್ ಕೊಳವೆಯ ತುದಿಯ ಮುಚ್ಚಳವನ್ನು ತಿರುಗಿಸಿ ತೆಗೆದು ನಳಿಕೆಯನ್ನು ಮುಂದಕ್ಕೆ ಎಳೆದುಕೊಳ್ಳಬಹುದು. ಕೆಲವು ಮಾದರಿಗಳಲ್ಲಿ ಮುಚ್ಚಳದ ಹಿಂದೆ ಬಿಗಿಯಾದ ಸ್ಪ್ರಿಂಗ್ ಇರುವುದರಿಂದ ಮುಖವನ್ನು ಅದರ ನೇರಕ್ಕೆ ಇರಿಸಬಾರದು. ಮುಂಹಿಡಿಕೆಯ ಸ್ಥಾನ ಹಾಗೂ ಬಿಡಿಭಾಗಗಳ ಕ್ರಮವು ಮಾದರಿಯಿಂದ ಮಾದರಿಗೆ ಬದಲಾಗುವುದರಿಂದ ತಯಾರಕರ ಕೈಪಿಡಿಯನ್ನು ಅನುಸರಿಸತಕ್ಕದ್ದು. ಸಾಮಾನ್ಯ ಶುಚಿಗೊಳಿಸುವಿಕೆಗೆ ನಳಿಕೆಯನ್ನು ಬೇರ್ಪಡಿಸಿದರೆ ಸಾಕು. ಟ್ರಿಗರ್ ಭಾಗವನ್ನು ಮನೆಯಲ್ಲಿ ಬಿಚ್ಚುವುದು ಸೂಕ್ತವಲ್ಲ.

3. ಶುಚಿಗೊಳಿಸುವುದು

ಅ) ನಳಿಕೆಯ ಎದುರಿಗೆ ಬೆಳಕು ಹಿಡಿದು ಒಳಗೆ ನೋಡಿ. ಗೋಡೆಗೆ ತೂಗುಹಾಕಿದ ಕೋವಿಯ ನಳಿಕೆಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿರಬಹುದು. ಇಂತಹ ಅಡ್ಡಿ ಇರುವಾಗ ಈಡು ಹಾರಿಸಿದಲ್ಲಿ ನಳಿಕೆ ಸಿಡಿಯುತ್ತದೆ.

ಆ) 20 ಬೋರ್‌ನ ತೋಟಾ 12 ಬೋರ್‌ನ ನಳಿಕೆಯೊಳಗೆ ಜಾರಿ ಸಿಲುಕಿಕೊಳ್ಳುತ್ತದೆ. ಅದರ ಹಿಂದೆ 12 ಬೋರ್‌ನ ತೋಟಾ ತುಂಬಲು ಸಾಧ್ಯವಾಗುವುದರಿಂದ ಇದು ಅತ್ಯಂತ ಅಪಾಯಕಾರಿ. ಎರಡು ಅಳತೆಯ ತೋಟಾಗಳನ್ನು ಒಂದೆಡೆ ಇಡಬಾರದು.

ಇ) ಶುಚಿಗೊಳಿಸುವ ದ್ರಾವಣದಲ್ಲಿ ಅದ್ದಿದ ಕಂಚಿನ ತಂತಿಯ ಬ್ರಷ್ಷನ್ನು ಹಿಂಬದಿಯಿಂದ ಬಾಯಿಯ ಕಡೆಗೆ ಹಾಯಿಸಿ. ನಂತರ ಬಟ್ಟೆಯ ತುಂಡು ಕರೆಯಿಲ್ಲದೆ ಹೊರಬರುವವರೆಗೆ ಒರೆಸಿ. ಗಾಳಿ ಆಡುವ ಸ್ಥಳದಲ್ಲಿ, ಬೆಂಕಿಯಿಂದ ದೂರವಿದ್ದು ಈ ಕೆಲಸ ಮಾಡತಕ್ಕದ್ದು.

ಈ) ಬಂದೂಕಿನ ಎಣ್ಣೆಯನ್ನು ತೆಳುವಾಗಿ ಲೇಪಿಸಿ. ಕೊಬ್ಬರಿ ಎಣ್ಣೆ ಬಳಸಬಾರದು. ಅದು ಚಳಿಗೆ ಹೆಪ್ಪುಗಟ್ಟುತ್ತದೆ, ದಿನ ಕಳೆದಂತೆ ಅಂಟಾಗಿ ಒಳಗಿನ ಚಲನೆಯನ್ನು ತಡೆಯುತ್ತದೆ.

ಉ) ತುಕ್ಕು ತೆಗೆಯುವ ಸಲುವಾಗಿ ಬಂದೂಕಿನ ಸಂಖ್ಯೆಯ ಮೇಲೆ ಉಪ್ಪುಕಾಗದ ಉಜ್ಜಬಾರದು. ಗುರುತಿನ ಸಂಖ್ಯೆಯನ್ನು ಅಳಿಸುವುದು ಶಸ್ತ್ರಾಸ್ತ್ರ ಅಧಿನಿಯಮ, 1959ರ ಕಲಂ 8ರ ಉಲ್ಲಂಘನೆಯಾಗುತ್ತದೆ.

ಜೋಡಿಸಿದ ನಂತರ ತೋಟಾ ಇಲ್ಲದೆಯೇ ಮುಂಹಿಡಿಕೆಯನ್ನು ಎರಡು ಬಾರಿ ಆಡಿಸಿ, ಸರಾಗವಾಗಿ ಚಲಿಸುವುದನ್ನು ಖಚಿತಪಡಿಸಿಕೊಳ್ಳಿ.

4. ಮಳೆಗಾಲದಲ್ಲಿ ಸಂರಕ್ಷಣೆ

ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಅಧಿಕ ಮಳೆಯಾಗುತ್ತದೆ. ಅದೇ ದಾರಿಯಲ್ಲಿರುವ ಮೇಳಿಗೆಯಂತಹ ಗ್ರಾಮಗಳಲ್ಲಿಯೂ ಮಳೆಗಾಲದ ತೇವಾಂಶ ಕಬ್ಬಿಣಕ್ಕೆ ಬೇಗ ತುಕ್ಕು ಹಿಡಿಸುತ್ತದೆ. ಚರ್ಮದ ಅಥವಾ ದಪ್ಪ ಬಟ್ಟೆಯ ಚೀಲ ತೇವವನ್ನು ಹೀರಿಕೊಳ್ಳುವುದರಿಂದ ಬಂದೂಕನ್ನು ಅದರೊಳಗೆ ತಿಂಗಳುಗಟ್ಟಲೆ ಇಡಬಾರದು. ಒಣ ಸ್ಥಳದಲ್ಲಿ ಬೀಗ ಹಾಕಿಡತಕ್ಕದ್ದು. ತೋಟಾಗಳನ್ನು ಪ್ರತ್ಯೇಕವಾಗಿ ಬೀಗದಲ್ಲಿಡತಕ್ಕದ್ದು. ಮಳೆಯಲ್ಲಿ ನೆನೆದ ಬಂದೂಕನ್ನು ಅದೇ ದಿನ ಒರೆಸಿ ಎಣ್ಣೆ ಹಚ್ಚುವುದು.

5. ದುರಸ್ತಿ ಹಾಗೂ ಇತರ ಸೂಚನೆಗಳು

* ದುರಸ್ತಿಯನ್ನು ಪರವಾನಗಿ ಹೊಂದಿರುವ ಬಂದೂಕು ವ್ಯಾಪಾರಿಯಲ್ಲಿ ಮಾತ್ರ ಮಾಡಿಸತಕ್ಕದ್ದು. ಅನುಮತಿಯಿಲ್ಲದೆ ನಳಿಕೆಯನ್ನು ಕತ್ತರಿಸಿ ಗಿಡ್ಡ ಮಾಡುವುದು ಕಲಂ 6ರನ್ವಯ ನಿಷಿದ್ಧ.

* ಚುನಾವಣೆ ಮುಂತಾದ ಸಂದರ್ಭಗಳಲ್ಲಿ ಠಾಣೆಯಲ್ಲಿ ಠೇವಣಿ ಇಡಲು ಆದೇಶವಾದಲ್ಲಿ, ಮನೆಯಲ್ಲಿಯೇ ಖಾಲಿ ಮಾಡಿ, ಶುಚಿಗೊಳಿಸಿ, ಎಣ್ಣೆ ಹಚ್ಚಿ ತರುವುದು. ಬಂದೂಕಿನ ಸಂಖ್ಯೆ ಇರುವ ಸ್ವೀಕೃತಿಯನ್ನು ಪಡೆದು ಕಾಪಾಡಿಕೊಳ್ಳುವುದು. ವಾಪಸು ಪಡೆದ ನಂತರ ನಳಿಕೆಯನ್ನು ಮತ್ತೊಮ್ಮೆ ಪರೀಕ್ಷಿಸುವುದು.

* ಬಂದೂಕು ಅಥವಾ ತೋಟಾ ಕಳೆದುಹೋದಲ್ಲಿ ಸಮೀಪದ ಪೊಲೀಸ್ ಠಾಣೆಗೆ ತಕ್ಷಣ ತಿಳಿಸತಕ್ಕದ್ದು.

* ಬಂದೂಕಿನ ಪರವಾನಗಿಯು ವನ್ಯಪ್ರಾಣಿಯನ್ನು ಕೊಲ್ಲಲು ನೀಡಿದ ಅನುಮತಿಯಲ್ಲ. ವನ್ಯಜೀವಿ (ಸಂರಕ್ಷಣಾ) ಅಧಿನಿಯಮ, 1972ರ ನಿರ್ಬಂಧಗಳು ಪರವಾನಗಿದಾರರಿಗೂ ಅನ್ವಯಿಸುತ್ತವೆ.

* 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ 5 ವರ್ಷಗಳಾಗಿರುತ್ತದೆ. ಅವಧಿ ಮುಗಿಯುವ ಮುನ್ನವೇ ಪರವಾನಗಿ ಪ್ರಾಧಿಕಾರಕ್ಕೆ ನವೀಕರಣದ ಅರ್ಜಿ ಸಲ್ಲಿಸತಕ್ಕದ್ದು.

ಬಂದೂಕನ್ನು ಕೈಗೆತ್ತಿಕೊಂಡ ಪ್ರತಿ ಸಲವೂ ಅದು ತುಂಬಿದೆ ಎಂದೇ ತಿಳಿದು, ತೆರೆದು ನೋಡಿ, ಮುಟ್ಟಿ ಪರೀಕ್ಷಿಸಿದ ನಂತರವೇ ಖಾಲಿ ಎಂದು ಒಪ್ಪಿಕೊಳ್ಳುವಂತೆ ಎಲ್ಲಾ ಪರವಾನಗಿದಾರರಲ್ಲಿ ಕೋರಲಾಗಿದೆ.