ಹೇಸರಗತ್ತೆಯ ಬೆನ್ನೇರಿ ಬಂದ ಧಾರಾವಾಹಿಗಳು

ಫೈಲ್ ಹಂಚಿಕೆಯ ಚರಿತ್ರೆ ಬರೆಯುವವರು ಹೆಚ್ಚಾಗಿ ಹಾಡುಗಳ ಕಥೆಯನ್ನೇ ಹೇಳಿ ಮುಗಿಸುತ್ತಾರೆ: 1999ರಲ್ಲಿ ನ್ಯಾಪ್‌ಸ್ಟರ್ ಬಂತು, ಸಂಗೀತ ಕಂಪನಿಗಳು ಕೋರ್ಟಿಗೆ ಹೋದವು, 2001ರಲ್ಲಿ ಅದು ಬಾಗಿಲು ಹಾಕಿತು. ಪರದೇಶದ ಟಿವಿ ಧಾರಾವಾಹಿಗಳ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಹಾಡನ್ನು ಭಾಷೆ ತಿಳಿಯದೆಯೂ ಕೇಳಬಹುದು. 54 ಕಂತುಗಳ ಕೊರಿಯನ್ ಧಾರಾವಾಹಿಯನ್ನು ಹಾಗೆ ನೋಡಲಾಗದು. ಅದು ಸಿಗಬೇಕು, ಎಲ್ಲ ಕಂತುಗಳೂ ಸಿಗಬೇಕು, ಸಿಕ್ಕಿದ್ದು ಅರ್ಥವೂ ಆಗಬೇಕು. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನಕಲು ಮಾಡುವುದು ಸುಲಭ, ಹುಡುಕಿ ತೆಗೆಯುವುದೇ ಕಷ್ಟ. ಪೀರ್ ಟು ಪೀರ್ ತಂತ್ರಾಂಶ ಬೆಳೆದದ್ದು ಬಹುಮಟ್ಟಿಗೆ ಆ ಕಷ್ಟದ ಸುತ್ತಲೇ.

ನ್ಯಾಪ್‌ಸ್ಟರ್‌ನಲ್ಲಿ ಹಂಚಿಕೆಯಾಗುತ್ತಿದ್ದದ್ದು ಎಂಪಿ3 ಹಾಡುಗಳು. 2001ರಲ್ಲಿ ಬಂದ ಕಜಾ ವಿಡಿಯೋಗೂ ದಾರಿ ಬಿಟ್ಟಿತು. ಆದರೆ ಅಲ್ಲಿ ಹುಡುಕಾಟವೆಲ್ಲ ಫೈಲಿನ ಹೆಸರಿನ ಮೇಲೆ. ಕೊರಿಯಾದ ಎಂಬಿಸಿ ವಾಹಿನಿ 2003-04ರಲ್ಲಿ ಪ್ರಸಾರ ಮಾಡಿದ, ಅರಮನೆಯ ಅಡುಗೆಮನೆಯಿಂದ ರಾಜವೈದ್ಯೆಯ ಪಟ್ಟಕ್ಕೇರಿದ ಹೆಣ್ಣಿನ ಕಥೆಯನ್ನೇ ನೋಡಿ. ಕೊರಿಯನ್ನರಿಗೆ ಅದು ‘ದೆ ಜಾಂಗ್ ಗಮ್’, ಚೀನೀಯರಿಗೆ ‘ದಾ ಚಾಂಗ್ ಜಿನ್’, ಇಂಗ್ಲಿಷ್ ಬಲ್ಲವರಿಗೆ ‘ಜ್ಯೂಯೆಲ್ ಇನ್ ದ ಪ್ಯಾಲೇಸ್’. ರೋಮನ್ ಅಕ್ಷರದಲ್ಲಿ ಬರೆದರಂತೂ ಒಬ್ಬೊಬ್ಬರದು ಒಂದೊಂದು ಕಾಗುಣಿತ. ಹೇಗೋ ಹೆಸರು ಸಿಕ್ಕಿ, ರಾತ್ರಿಯಿಡೀ ಇಳಿಸಿಕೊಂಡು ತೆರೆದರೆ ಒಳಗೆ ಬೇರೆಯದೇ ಸಿನಿಮಾ ಕೂತಿರುವುದು ಮಾಮೂಲು.

ಈ ತೊಡಕನ್ನು ಬಿಡಿಸಿದ್ದು ಇ-ಡಾಂಕಿ. ಜೆಡ್ ಮೆಕಾಲೆಬ್ 2000ದಲ್ಲಿ ಹೊರತಂದ ಈ ತಂತ್ರಾಂಶ ಫೈಲನ್ನು ಗುರುತಿಸುತ್ತಿದ್ದುದು ಅದರೊಳಗಿನ ಮಾಹಿತಿಯಿಂದ ಲೆಕ್ಕ ಹಾಕಿದ ಹ್ಯಾಶ್ ಸಂಖ್ಯೆಯಿಂದ. ಹೆಸರು ಏನೇ ಇರಲಿ, ಹ್ಯಾಶ್ ಒಂದೇ ಆದರೆ ಫೈಲೂ ಒಂದೇ. 2002ರಲ್ಲಿ ಜರ್ಮನಿಯ ಹೆಂಡ್ರಿಕ್ ಬ್ರೈಟ್‌ಕ್ರಾಯ್ಟ್ಸ್ ಇದಕ್ಕೆ ಬದಲಿಯಾಗಿ ಇ-ಮ್ಯೂಲ್ ಎಂಬ ಮುಕ್ತ ತಂತ್ರಾಂಶ ಬರೆಯತೊಡಗಿದರು. ಕತ್ತೆಯ ಜಾಗಕ್ಕೆ ಹೇಸರಗತ್ತೆ! ಫೈಲನ್ನು ಸುಮಾರು 9.28 ಎಂಬಿಯ ತುಂಡುಗಳಾಗಿ ಒಡೆದು, ಹತ್ತಾರು ಜನರಿಂದ ತಂದು ಜೋಡಿಸುವುದು ಅದರ ಕೆಲಸ. ಸರದಿ ಉದ್ದವಿದ್ದರೆ ದಿನಗಟ್ಟಲೆ ಕಾಯಬೇಕು.

ಬ್ರಾಮ್ ಕೋಹೆನ್ 2001ರಲ್ಲಿ ಬಿಡುಗಡೆ ಮಾಡಿದ ಬಿಟ್‌ಟೊರೆಂಟ್ ಎಷ್ಟೋ ಚುರುಕು. ಅಪರೂಪದ ತುಂಡನ್ನು ಮೊದಲು ತರಿಸುವುದು, ಕೊಟ್ಟವರಿಗೇ ಕೊಡುವುದು ಅದರ ನೀತಿ. ನಿನ್ನೆ ಪ್ರಸಾರವಾದ ಕಂತಿಗೆ ಅದಕ್ಕಿಂತ ಒಳ್ಳೆಯ ದಾರಿ ಇರಲಿಲ್ಲ. ಆದರೆ ಪೂರ್ತಿ ಫೈಲ್ ಇದ್ದವರು, ಅಂದರೆ ಸೀಡರ್‌ಗಳು, ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರೆ ಟೊರೆಂಟ್ ಸತ್ತಂತೆ. ಹಳೆಯ ಜಪಾನಿ ಧಾರಾವಾಹಿ ಬೇಕಾದವರು ಹೇಸರಗತ್ತೆಯನ್ನು ಬಿಡದಿದ್ದುದಕ್ಕೆ ಇದೇ ಕಾರಣ: ಅಲ್ಲಿ ಯಾರದೋ ಹಂಚಿಕೆ ಫೋಲ್ಡರಿನಲ್ಲಿ ಉಳಿದ ಒಂದೇ ಪ್ರತಿ ಸಾಕಿತ್ತು. ವೇಗವನ್ನಷ್ಟೇ ನೋಡಿ ಬಿಟ್‌ಟೊರೆಂಟ್ ಗೆದ್ದಿತೆನ್ನುವುದು ಅರ್ಧ ಸತ್ಯ.

ಆಗಿನ ವೇಗವಾದರೂ ಎಷ್ಟಿತ್ತು? ನಮ್ಮ ಕಡೆಯ ಲೆಕ್ಕವನ್ನೇ ಹಾಕೋಣ. ಸುಮಾರು 42 ನಿಮಿಷದ ಅಮೆರಿಕನ್ ಕಂತು 350 ಎಂಬಿ ತೂಗುತ್ತಿತ್ತು, 700 ಎಂಬಿಯ ಸಿಡಿಗೆ ಎರಡು ಹಿಡಿಯಲೆಂದು. ಬಿಎಸ್‌ಎನ್‌ಎಲ್ 2005ರಲ್ಲಿ ತಂದ ಡೇಟಾಒನ್‌ನ 256 ಕೆಬಿಪಿಎಸ್ ವೇಗ ಪೂರ್ತಿ ಸಿಕ್ಕರೂ ಒಂದು ಕಂತಿಗೆ ಮೂರು ಗಂಟೆ ದಾಟುತ್ತಿತ್ತು. ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಡೌನ್‌ಲೋಡನ್ನು ಲೆಕ್ಕಕ್ಕೆ ಹಿಡಿಯದ ಪ್ಲಾನ್ ಇದ್ದವರಿಗೂ ದಿನಕ್ಕೆ ಎರಡು ಕಂತು ದಕ್ಕುವುದು ಕಷ್ಟ.

ಇಷ್ಟಾದರೂ ಅರ್ಥವಾಗುವ ಮಾತು ಬಾಕಿ. 350 ಎಂಬಿಯ ಕಂತಿನ ಸಬ್‌ಟೈಟಲ್ ಫೈಲು ಹತ್ತಾರು ಕೆಬಿ ಮಾತ್ರ: ಒಂದು ಕ್ರಮಸಂಖ್ಯೆ, ಸಾಲು ಮೂಡುವ ಮತ್ತು ಮಾಯವಾಗುವ ಹೊತ್ತು, ಕೆಳಗೆ ಮಾತು. ಜಾಹೀರಾತು ಕತ್ತರಿಸುವಾಗ ಎರಡು ಸೆಕೆಂಡು ಆಚೀಚೆಯಾದರೂ ನಾಯಕಿ ಅತ್ತಾದ ಮೇಲೆ ಸಾಲು ಮೂಡುತ್ತದೆ. ಇದನ್ನೆಲ್ಲ ಸರಿಪಡಿಸಿದವರು ಸಂಬಳವಿಲ್ಲದ ಹವ್ಯಾಸಿಗಳು. ಜಪಾನಿ, ಕೊರಿಯನ್, ತೈವಾನಿನ ಧಾರಾವಾಹಿಗಳ ಟೊರೆಂಟ್ ಮತ್ತು ಇಂಗ್ಲಿಷ್ ಸಬ್‌ಟೈಟಲ್‌ಗಳನ್ನು ಡಿ-ಅಡಿಕ್ಟ್ಸ್ ಜಾಲತಾಣ ಒಂದೆಡೆ ಸೇರಿಸಿತು. ಚೀನಾದಲ್ಲಿ ಶಾಂಘೈನ ವೆರಿಸಿಡಿ ತಾಣ ಇ-ಮ್ಯೂಲ್ ಕೊಂಡಿಗಳಿಗೆ ಪೋಸ್ಟರ್, ಕಥಾಸಾರ, ತಾರಾಗಣ ಜೋಡಿಸಿ ಗ್ರಂಥಾಲಯದ ಕ್ಯಾಟಲಾಗಿನಂತೆ ಒಪ್ಪವಾಗಿಟ್ಟಿತು. ಕೆನಡಾದಲ್ಲಿದ್ದ ಚೀನೀ ವಿದ್ಯಾರ್ಥಿಗಳು ಹುಟ್ಟುಹಾಕಿದ ರೆನ್‌ರೆನ್ ಯಿಂಗ್‌ಶಿ ತಂಡ ಅನುವಾದವನ್ನು ಪಾಲು ಹಾಕಿಕೊಂಡು ಮಾಡುತ್ತಿತ್ತು. ‘ಪ್ರಿಸನ್ ಬ್ರೇಕ್’ ಚೀನೀ ಯುವಜನರ ಮನೆಮಾತಾದದ್ದು ಇಂಥ ತಂಡಗಳಿಂದ, ಟಿವಿ ವಾಹಿನಿಗಳಿಂದಲ್ಲ.

ಕಾನೂನಿನ ಕಣ್ಣಿನಲ್ಲಿ ಇದು ಕೃತಿಸ್ವಾಮ್ಯದ ಉಲ್ಲಂಘನೆಯೇ, ಅದರಲ್ಲಿ ಎರಡು ಮಾತಿಲ್ಲ. ಶಿಕ್ಷೆ ಯಾರಿಗೆ ಎಂಬುದರಲ್ಲಿ ಮಾತ್ರ ದೇಶದಿಂದ ದೇಶಕ್ಕೆ ವ್ಯತ್ಯಾಸ. ಅಮೆರಿಕದ ಸುಪ್ರೀಂ ಕೋರ್ಟ್ 2005ರ ಗ್ರಾಕ್‌ಸ್ಟರ್ ತೀರ್ಪಿನಲ್ಲಿ, ಉಲ್ಲಂಘನೆಗೆ ಪ್ರಚೋದಿಸುವ ತಂತ್ರಾಂಶ ಕಂಪನಿಯೂ ಹೊಣೆ ಎಂದಿತು. ಮರುವರ್ಷ ಇ-ಡಾಂಕಿ 3 ಕೋಟಿ ಡಾಲರ್ ತೆರಲು ಒಪ್ಪಿ ಅಂಗಡಿ ಮುಚ್ಚಿತು. ಜಪಾನಿನಲ್ಲಿ ವಿನ್ನಿ ಎಂಬ ಫೈಲ್ ಹಂಚಿಕೆಯ ತಂತ್ರಾಂಶ ಬರೆದ ಇಸಾಮು ಕನೆಕೊ 2004ರಲ್ಲಿ ಬಂಧನಕ್ಕೊಳಗಾದರು, 2006ರಲ್ಲಿ ಅವರಿಗೆ ದಂಡ ಬಿತ್ತು, ಮೇಲ್ಮನವಿಯಲ್ಲಿ ಸಿಕ್ಕ ಖುಲಾಸೆಯನ್ನು 2011ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಚೀನಾದಲ್ಲಿ ವೆರಿಸಿಡಿ 2011ರಲ್ಲಿ ಕೊಂಡಿಗಳನ್ನು ತೆಗೆದುಹಾಕಿತು. ರೆನ್‌ರೆನ್‌ನ ಮುಖ್ಯಸ್ಥರಿಗೆ 2021ರಲ್ಲಿ ಮೂರೂವರೆ ವರ್ಷ ಜೈಲಾಯಿತು. ಜಾಹೀರಾತು, ಸದಸ್ಯತ್ವದಿಂದ ಹಣ ಮಾಡಿದ್ದು ಅಲ್ಲಿ ಮುಳುವಾಯಿತು.

ಕಂಪನಿಗಳು ಈ ಹವ್ಯಾಸಿಗಳಿಂದ ಕಲಿತದ್ದು ಕಡಿಮೆಯಲ್ಲ. ಕ್ರಂಚಿರೋಲ್ ಎಂಬ ವಿಡಿಯೋ ತಾಣ 2006ರಲ್ಲಿ ಶುರುವಾದಾಗ ಅದರಲ್ಲಿದ್ದುದು ಬಳಕೆದಾರರು ಅನುಮತಿಯಿಲ್ಲದೆ ಏರಿಸಿದ ವಿಡಿಯೋ. ಪರವಾನಗಿ ಬಂದದ್ದು ಆಮೇಲೆ. ಸ್ವಯಂಸೇವಕರೇ ಸಬ್‌ಟೈಟಲ್ ಬರೆಯುವ ವಿಕಿ (Viki) ಎಂಬ ವಿಡಿಯೋ ತಾಣವನ್ನು ಜಪಾನಿನ ರಕುಟೆನ್ 2013ರಲ್ಲಿ ಕೊಂಡಿತು. 2016ರ ಜನವರಿಯಲ್ಲಿ ಭಾರತಕ್ಕೆ ಬಂದ ನೆಟ್‌ಫ್ಲಿಕ್ಸ್‌ನಲ್ಲಿ ಐದು ವರ್ಷದ ಬಳಿಕ ‘ಸ್ಕ್ವಿಡ್ ಗೇಮ್’ ನೋಡಿದವರಿಗೆ ಹ್ಯಾಶ್, ಸರದಿ, ಸೀಡರ್ ಯಾವುದರ ಗೊಡವೆಯೂ ಇರಲಿಲ್ಲ.

ಹೊಸದನ್ನು ಹುಡುಕುವ ಕಷ್ಟ ಹೀಗೆ ತೀರಿತು, ಹಳೆಯದರದು ತೀರಿಲ್ಲ. ಪರವಾನಗಿಯ ಅವಧಿ ಮುಗಿದ ದಿನ ಧಾರಾವಾಹಿ ಪಟ್ಟಿಯಿಂದ ಕಾಣೆಯಾಗುತ್ತದೆ, ದುಡ್ಡು ಕೊಟ್ಟವರಿಗೂ ಸಿಗುವುದಿಲ್ಲ. ಕೊರಿಯನ್ ಧಾರಾವಾಹಿಗಳನ್ನು ಅಮೆರಿಕದಲ್ಲಿ ಕಾನೂನುಬದ್ಧವಾಗಿ ತೋರಿಸುತ್ತಿದ್ದ ಡ್ರಾಮಾಫೀವರ್ ಅನ್ನು ಅದರ ಒಡೆಯ ವಾರ್ನರ್ ಬ್ರದರ್ಸ್ 2018ರ ಅಕ್ಟೋಬರ್ 16ರಂದು ಇದ್ದಕ್ಕಿದ್ದಂತೆ ಮುಚ್ಚಿತು.