ಗೋಡೆಯ ಮೇಲಿನ ಓರೆ ಗೆರೆ

ಬಂಟ್ವಾಳ ತಾಲೂಕಿನ ನಮ್ಮ ಹಿರಿಯರ ಮನೆಯನ್ನು ಬಿಚ್ಚಿ ಸರಿಮಾಡಲು ಹೊರಟು ಇದು ಆರನೇ ವರ್ಷ. ಬೇಸಗೆಗೆ ಒಂದು ಕೋಣೆ, ಅದಕ್ಕಿಂತ ಹೆಚ್ಚಿಲ್ಲ. ಮಳೆಗಾಲದ ಹೊಸ್ತಿಲಲ್ಲಿ ಬರುವ ಪತ್ತನಾಜೆ ಕಳೆದ ಮೇಲೆ ಮಾಡು ಬಿಚ್ಚಿಡುವ ಹಾಗಿಲ್ಲ.

ಮೊದಲ ವರ್ಷ ಚಾವಡಿಯ ಹಂಚು ಇಳಿಸಿದೆ. ಒಂದೊಂದನ್ನೂ ತೆಂಗಿನ ನಾರಿನಿಂದ ಉಜ್ಜಿ, ಪಾಚಿ ತೊಳೆದು, ಬೆರಳ ಗಂಟಿನಿಂದ ತಟ್ಟಿ ನೋಡಬೇಕು. ಗಟ್ಟಿ ಹಂಚು ಠಣ್ ಎನ್ನುತ್ತದೆ. ಕೂದಲೆಳೆಯಷ್ಟು ಬಿರುಕಿದ್ದರೂ ದನಿ ಒಡೆದಿರುತ್ತದೆ. ಹಾಗೆ ತೊಳೆದ ಹಂಚಿನ ಅಡಿಯಲ್ಲಿ ಇಂಗ್ಲಿಷ್ ಅಕ್ಷರಗಳು ಎದ್ದು ಕಂಡವು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಮನೆಗೆ ನೂರೈವತ್ತು ವರ್ಷ ದಾಟಿತು ಎಂದು ಅವತ್ತು ಸಂಜೆಯೇ ನೆಂಟರಿಗೆಲ್ಲ ಫೋನು ಮಾಡಿದೆ. ಅದು ತಪ್ಪು. 1865 ಎಂಬುದು ಕಾರ್ಖಾನೆ ಹುಟ್ಟಿದ ವರ್ಷ; ಆಮೇಲೂ ಅಚ್ಚಿನಲ್ಲಿ ಅದೇ ಇಸವಿ ಉಳಿದಿತ್ತು.

ಕ್ರೈಸ್ತ ಧರ್ಮಪ್ರಚಾರಕರಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಮತಾಂತರವಾದವರು ಮನೆ, ಕುಲಕಸುಬು ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೊಂದು ದುಡಿಮೆ ಬೇಕಿತ್ತು. ಮುದ್ರಣ, ನೇಯ್ಗೆಯ ಬಳಿಕ ಹಂಚಿಗೆ ಕೈಹಾಕಿದರು. ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ದಡದ ಜೇಡಿಮಣ್ಣನ್ನು ಅಚ್ಚಿಗೊತ್ತಿ, ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದರು. ಕಿಟೆಲ್ಲರ ಕನ್ನಡ ನಿಘಂಟನ್ನು 1894ರಲ್ಲಿ ಹೊರತಂದದ್ದೂ ಇದೇ ಮಿಷನ್. ಮೇಜಿನ ಮೇಲಿನ ನಿಘಂಟು, ತಲೆಯ ಮೇಲಿನ ಹಂಚು ಎರಡೂ ಒಂದೇ ಕಡೆಯಿಂದ ಬಂದವು ಎಂದು ನೆನೆದಾಗೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಮೊದಲ ಮಹಾಯುದ್ಧ ಬಂದಾಗ ಬ್ರಿಟಿಷ್ ಸರಕಾರ ಮಿಷನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡಿತು. ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟ್ ಪಾಲಾದವು. ಹಾಗಾಗಿ ಮಿಷನ್ನಿನ ಹೆಸರು ಹೊತ್ತ ನಮ್ಮ ಚಾವಡಿಯ ಹಂಚು ಆ ಯುದ್ಧಕ್ಕಿಂತ ಹಿಂದಿನದು. ಅಷ್ಟನ್ನು ಧೈರ್ಯವಾಗಿ ಹೇಳಬಲ್ಲೆ.

ಮೂರನೇ ವರ್ಷ ನಡುಕೋಣೆಯ ಅಟ್ಟ ತೆಗೆದಾಗ ಇನ್ನೊಂದು ಸುಳಿವು ಸಿಕ್ಕಿತು. ಬದಿಗೋಡೆಯ ಮೇಲೆ, ಈಗಿನ ಮಾಡಿಗಿಂತ ತುಂಬ ಕಡಿದಾಗಿ, ಒಂದು ಓರೆ ಗೆರೆ. ಗೆರೆಯ ಕೆಳಗೆ ಹೊಗೆ ಹಿಡಿದ ಕಪ್ಪು, ಮೇಲೆ ಶುದ್ಧ ಕೆಂಪು ಮುರಕಲ್ಲು. ಅದು ಮುಳಿಹುಲ್ಲಿನ ಮಾಡಿನ ಗುರುತು. ಹುಲ್ಲಿನ ಮೇಲೆ ಮಳೆನೀರು ನಿಲ್ಲದೆ ಜಾರಬೇಕಾದರೆ ಮಾಡು ಕಡಿದಾಗಿಯೇ ಇರಬೇಕು. ಹುಲ್ಲಾದರೆ ಮತ್ತೆ ಮತ್ತೆ ಹೊದೆಸಬೇಕು. ಬೇಸಗೆಯಲ್ಲಿ ಒಂದು ಕಿಡಿ ಸಾಕು. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚು ಬಂದ ಮೇಲೆ ಇಳಿಜಾರು ತಗ್ಗಿತು, ಗೋಡೆ ಎತ್ತರವಾಯಿತು. ಆ ಗೆರೆ ನೋಡಿದ ಮೇಲೆ ನನಗೆ ಮನೆಯ ಕಥೆ ತಿಳಿಯಿತು. ಇದನ್ನು ಯಾರೂ ಒಂದೇ ಸಲ ಕಟ್ಟಿದ್ದಲ್ಲ. ಅಡಿಕೆಗೆ ಬೆಲೆ ಬಂದ ವರ್ಷ ಒಂದು ಕೋಣೆಗೆ ಹಂಚು, ಮದುವೆ ಬಂದ ವರ್ಷ ಇನ್ನೊಂದಕ್ಕೆ. ಅಡುಗೆಮನೆಯ ಹಂಚಿನ ಮುದ್ರೆಯೇ ಬೇರೆ, ಪಕ್ಕಾಸುಗಳ ಕೆತ್ತನೆಯೇ ಬೇರೆ.

ಮಲಗುವ ಕೋಣೆಯಲ್ಲಿ ನಾನೇ ಮಾಡಿದ ತಪ್ಪನ್ನು ಬಿಡಿಸಬೇಕಾಯಿತು. ಹಿಂದೊಮ್ಮೆ ಅಲ್ಲಿನ ಹಳೆಯ ಸುಣ್ಣದ ಗಾರೆ ಕೆರೆಸಿ ಸಿಮೆಂಟು ಬಳಿಸಿದ್ದೆ. ಎರಡು ಮಳೆಗಾಲಕ್ಕೆ ಮೊಣಕಾಲೆತ್ತರದವರೆಗೆ ಒದ್ದೆ, ಬಣ್ಣವೆಲ್ಲ ಹೊಪ್ಪಳೆ. ನೋಡಲು ಬಂದ ಹಿರಿಯ ಮೇಸ್ತ್ರಿ ಗೋಡೆಗೆ ಅಂಗೈ ಒತ್ತಿ, "ಎಂತ ಮಾಸ್ಟ್ರೇ, ಮುರಕಲ್ಲು ನೀರು ಕುಡಿತದೆ, ಅದು ಹೊರಗೆ ಹೋಗ್ಲಿಕ್ಕೆ ನೀವು ದಾರಿಯೇ ಇಟ್ಟಿಲ್ಲವಲ್ಲ" ಎಂದರು. ಉಳಿ ಹಿಡಿದು ಸಿಮೆಂಟು ಕಿತ್ತೆವು. ಚಿಪ್ಪು ಸುಣ್ಣವನ್ನು ನೀರಲ್ಲಿ ನೆನೆಹಾಕಿ, ಬೆಣ್ಣೆಯಂತಾದ ಮೇಲೆ ಹೊಯ್ಗೆ, ಬೆಲ್ಲದ ನೀರು ಸೇರಿಸಿ ಅರೆದೆವು. ಗೋಡೆಗೆ ನೀರು ಚಿಮುಕಿಸುತ್ತಾ ಕರಣೆಯಿಂದ ಒಂದೇ ಹದದಲ್ಲಿ ಎಳೆಯುವುದನ್ನು ಅವರು ನನಗೆ ನಾಲ್ಕು ದಿನ ಕಲಿಸಿದರು. ಐದನೇ ದಿನ ಕರಣೆ ನನ್ನ ಕೈಗೆ ಕೊಟ್ಟು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕಿಕೊಂಡರು.

ಈ ವರ್ಷ ಬಚ್ಚಲುಮನೆ. ರೀಪುಗಳನ್ನು ಒರಲೆ ತಿಂದಿದೆ. ಹೊಸವಕ್ಕೆ ಗೇರೆಣ್ಣೆ ಬಳಿದು ಅಂಗಳದಲ್ಲಿ ಒಣಗಲು ಇಟ್ಟಿದ್ದೇನೆ. ನಡುಕೋಣೆಯ ಕೆಲಸವೆಲ್ಲ ಮುಗಿದಿದೆ. ಬದಿಗೋಡೆಯ ಆ ಓರೆ ಗೆರೆಯ ಉದ್ದಕ್ಕೆ ಮಾತ್ರ ಒಂದು ಗೇಣು ಅಗಲ ಗಾರೆ ಹಚ್ಚದೆ ಬಿಟ್ಟಿದ್ದೇನೆ.